ಬಾಗಿಲು ಹೊತ್ತವರ ಊರು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಬುಧವಾರ. ಸಂತೆಯೂ ಅಲ್ಲ, ಹಬ್ಬವೂ ಅಲ್ಲ. ಶಾಲೆಯಲ್ಲಿ ಹದಿಮೂರರ ಮಗ್ಗಿ ಒಪ್ಪಿಸಬೇಕಿತ್ತು. ಹದಿಮೂರೈದ್ಲಿ ಎಂದು ಮೇಷ್ಟ್ರು ಎತ್ತಿಕೊಟ್ಟರು. ನಾನು ಕಿಟಕಿಯಾಚೆ ಹೋಗುತ್ತಿದ್ದ ದಾರಿ ನೋಡುತ್ತಾ ನಿಂತೆ. ಮಗ್ಗಿ ಅಲ್ಲಿಗೇ ನಿಂತಿತು, ನಾನು ನಿಲ್ಲಲಿಲ್ಲ. ಅವತ್ತಿನಿಂದ ಎಷ್ಟು ಊರು ದಾಟಿದೆನೋ, ಲೆಕ್ಕ ಇಟ್ಟವನಲ್ಲ. ಒಂದೊಂದು ಊರಿಗೂ ಒಂದೊಂದು ಹಟ ಇರುತ್ತದೆ. ಅದನ್ನು ಕಂಡುಕೊಳ್ಳುವವರೆಗೆ ಅಲ್ಲಿ ಊಟ ರುಚಿಸುತ್ತದೆ, ಆಮೇಲೆ ಕಾಲು ತುರಿಸಲು ಶುರುವಾಗುತ್ತದೆ.

ಈ ಊರನ್ನು ದೂರದಿಂದ ಕಂಡಾಗ ಬಾಗಿಲುಗಳೇ ನಡೆದು ಬರುತ್ತಿವೆ ಅನ್ನಿಸಿತು. ಹತ್ತಿರ ಹೋದ ಹಾಗೆ ಬಾಗಿಲುಗಳ ಕೆಳಗೆ ಕಾಲುಗಳು ಕಂಡವು, ಆಮೇಲೆ ಬಗ್ಗಿದ ತಲೆಗಳು ಕಂಡವು. ಮುದುಕರು ಹೊತ್ತಿದ್ದರು, ಮದುಮಗಳು ಹೊತ್ತಿದ್ದಳು. ನೀರಿಗೆ ಹೋಗುವಾಗಲೂ ಹೊತ್ತಿದ್ದರು, ಹರಟೆಗೆ ನಿಂತಾಗಲೂ ಹೊತ್ತಿದ್ದರು. ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಅಡ್ಡ ತಿರುಗಿ ದಾರಿ ಬಿಡಬೇಕು. ಹಾಗೆ ತಿರುಗುವುದೇ ಅಲ್ಲಿಯ ನಮಸ್ಕಾರ.

ಊರಿನ ಕಟ್ಟಳೆ ಒಂದೇ. ಮಗು ಹುಟ್ಟಿದ ದಿನ ಊರಾಚೆಯ ಮರದಿಂದ ಅಂಗೈಯಗಲದ ಬಾಗಿಲೊಂದನ್ನು ಕೆತ್ತಿ ತೊಟ್ಟಿಲಲ್ಲಿ ಇಡುತ್ತಾರೆ. ಆ ಮರದ ಹಲಗೆ ಕಡಿದರೂ ಸಾಯುವುದಿಲ್ಲ, ಮಗು ಬೆಳೆದ ಹಾಗೆ ಬಾಗಿಲೂ ಬೆಳೆಯುತ್ತದೆ. ಊರ ನಡುವೆ ಒಂದು ಉದ್ದನೆಯ ಗೋಡೆ. ಯಾರೇ ಆಗಲಿ, ಜೀವಮಾನದಲ್ಲಿ ಒಂದೇ ಒಂದು ಸಲ, ತನ್ನ ಬಾಗಿಲನ್ನು ತಾನೇ ಹೊತ್ತು ತಂದು ಆ ಗೋಡೆಗೆ ನಿಲ್ಲಿಸಬಹುದು. ನಿಲ್ಲಿಸಿದರೆ ಗೋಡೆ ಜಾಗ ಬಿಡುತ್ತದೆ, ಒಳಗೊಂದು ಕೋಣೆ ತೆರೆಯುತ್ತದೆ. ಆ ಕೋಣೆಯಲ್ಲಿ ನಡೆಯುವ ಕಸುಬು ಅವರದು. ಅಲ್ಲಿ ಕೆಲಸಕ್ಕೆ ಬಂದು ಕೂತವರು ಅವರ ಆಳುಗಳು. ಎದ್ದರೂ ಬಿದ್ದರೂ ಅವರ ಹೆಸರಿಗೇ. ನಿಲ್ಲಿಸಿದ ಬಾಗಿಲನ್ನು ಮತ್ತೆ ಕೀಳುವ ಹಾಗಿಲ್ಲ. ನಿಲ್ಲಿಸಿದ ಮೇಲೆ ಅದು ಬೆಳೆಯುವುದೂ ಇಲ್ಲ.

ಹಾಗಾಗಿ ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಯಾವಾಗ? ಬೇಗ ನಿಲ್ಲಿಸಿದರೆ ಬಾಗಿಲು ಚಿಕ್ಕದು. ಕಾದರೆ ಬಾಗಿಲು ದೊಡ್ಡದು, ಆದರೆ ಹೊರುವ ಬೆನ್ನು ಹಳೆಯದು. ನಿಲ್ಲಿಸುವವರೆಗೆ ಬೇರೆಯವರ ಕೋಣೆಯಲ್ಲಿ ಕೂಲಿ. ಸ್ವಂತ ಬಾಗಿಲು ಹೊರಗಡೆ ಗೋಡೆಗೆ ಒರಗಿಕೊಂಡು ಕಾಯುತ್ತಿರುತ್ತದೆ, ಮಳೆಯಲ್ಲಿ ನೆನೆಯುತ್ತಾ, ಬಿಸಿಲಲ್ಲಿ ಒಣಗುತ್ತಾ.

ಬಾಗಿಲ ದಿನ ವರ್ಷಕ್ಕೆ ಒಂದೇ. ಬಿಸಿಲು ಗೋಡೆಯ ಮೇಲೆ ನೆಟ್ಟಗೆ ಬೀಳುವ ಬೆಳಗ್ಗೆ, ಮರದ ಬುಡದಿಂದ ಗೋಡೆಯವರೆಗೆ ಬಾಗಿಲನ್ನು ಹೊತ್ತು ತರಬೇಕು. ದಾರಿಯಲ್ಲಿ ಇಳಿಸಿದರೆ ಮುಗಿಯಿತು, ಇನ್ನು ಮುಂದಿನ ವರ್ಷವೇ.

ಅಲ್ಲಿ ನನಗೊಂದು ಕೆಲಸ ಸಿಕ್ಕಿತು. ದಾರದ ತುದಿಗೆ ಕಬ್ಬಿಣದ ಗುಂಡು ಕಟ್ಟಿ ಇಳಿಬಿಟ್ಟು, ಬಾಗಿಲು ನೆಟ್ಟಗಿದೆಯೋ ವಾಲಿದೆಯೋ ಹೇಳುವ ಕೆಲಸ. ಬೆನ್ನ ಮೇಲೂ ಗೋಡೆಯಲ್ಲೂ ಬಾಗಿಲಿಲ್ಲದವನೇ ಬೇಕು ಅದಕ್ಕೆ. ಬಾಗಿಲಿರುವವನ ಕೈಗೆ ದಾರ ಕೊಟ್ಟರೆ, ಪಕ್ಕದವನದು ಸ್ವಲ್ಪ ವಾಲಲಿ ಎಂದು ಅವನ ಕೈ ತಾನಾಗೇ ನಡುಗುತ್ತದಂತೆ. ಹಾಗಂತ ಅವರೇ ಹೇಳಿದರು, ನಾಚಿಕೆ ಇಲ್ಲದೆ.

ಬಾಗಿಲು ನಿಲ್ಲಿಸುವಾಗ ಕೇಳುವ ಅಜ್ಜಿ ಬರುತ್ತಾಳೆ. ಅವಳು ಕೇಳುವುದು ಒಂದೇ ಪ್ರಶ್ನೆ, "ಈಗಲೇ ಯಾಕೆ?" ಏನು ಹೇಳಿದರೂ ಅವಳು ಸರಿ ತಪ್ಪು ಅನ್ನುವುದಿಲ್ಲ. ಬಾಯಿಂದ ಮೊದಲು ಬಂದ ಮಾತನ್ನೇ ಬಾಗಿಲ ಮೇಲಿನ ಅಡ್ಡಪಟ್ಟಿಯಲ್ಲಿ ಕೆತ್ತಿಸುತ್ತಾಳೆ. ಸಂಜೆ ಹೊತ್ತು ಗೋಡೆಯುದ್ದಕ್ಕೂ ನಡೆದು, ಅಕ್ಷರಕ್ಕೆ ಅಕ್ಷರ ಕೂಡಿಸಿ ನಾನು ಅವನ್ನು ಓದುತ್ತಿದ್ದೆ. "ಕೂದಲು ನೆರೆಯಿತು." "ಪಕ್ಕದವನು ಹಾಕಿದ." "ಮದುವೆ ಆಗಲಿಲ್ಲ." "ಮದುವೆ ಆಯಿತು." "ಯಜಮಾನ ಬೈದ." ಒಂದರ ಮೇಲೆ ಬರೀ "ಹಸಿವು" ಎಂದಿತ್ತು. ಇನ್ನೊಂದರ ಮೇಲೆ "ಏನೋಪ್ಪ" ಎಂದಿತ್ತು. ಆ ಕೋಣೆಯಲ್ಲಿ ಮಾಡುವ ಹಪ್ಪಳಕ್ಕೆ ಊರಿಗೆ ಊರೇ ಸಾಲು ನಿಲ್ಲುತ್ತಿತ್ತು.

ಗೋಡೆಯ ಮೊದಲಲ್ಲೇ ಸೊಂಟದೆತ್ತರದ ಒಂದು ಬಾಗಿಲು. ಅದು ಸೌಟಿನಣ್ಣನದು. ಹದಿನಾರಕ್ಕೇ ನಿಲ್ಲಿಸಿದವನು. ಅಡ್ಡಪಟ್ಟಿಯಲ್ಲಿ "ಅಪ್ಪ ಬೇಡ ಅಂದ" ಎಂದಿತ್ತು. ಈಗ ಅವನು ಆಳೆತ್ತರದ ಗಂಡಸು. ದಿನಾ ಬೆಳಗ್ಗೆ ಅಂಬೆಗಾಲಿಟ್ಟು ತನ್ನ ಅಂಗಡಿಗೆ ಹೋಗುತ್ತಾನೆ. ಒಳಗೆ ಐದು ಜನ ಕೂತು ತೆಂಗಿನ ಚಿಪ್ಪನ್ನು ಉಜ್ಜಿ ಸೌಟು ಮಾಡುತ್ತಾರೆ.

"ಆತುರ ಆಯ್ತಲ್ವಾ ಅಣ್ಣಾ?" ಎಂದು ನಾನು ಹೊರಗೆ ಕುಕ್ಕರುಗಾಲಲ್ಲಿ ಕೂತು ಕೇಳಿದೆ.

"ಆತುರ ಅಲ್ಲ ಕಣಯ್ಯಾ, ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಹಾಕ್ತಿರಲಿಲ್ಲ. ಹಾಕದೆ ಇದ್ದಿದ್ರೆ ಗೊತ್ತಾಗ್ತಿರಲಿಲ್ಲ."

"ಒಳಗೆ ಎದ್ದು ನಿಲ್ಲೋಕೂ ಆಗಲ್ವಲ್ಲ?"

"ಅದೇ ಒಳ್ಳೇದಾಯ್ತು. ನಮ್ಮಲ್ಲಿ ಯಾರೂ ಎದ್ದು ನಿಂತು ಜಗಳ ಆಡಲ್ಲ. ಕೂತ್ಕೊಂಡು ಎಷ್ಟು ಹೊತ್ತು ಬೈಕೊಳ್ತಾರೆ ಹೇಳು?" ಒಳಗಿನಿಂದ ಐದೂ ಜನ ನಕ್ಕರು. ನಗು ಆ ಚಿಕ್ಕ ಬಾಗಿಲಿಂದ ತಳ್ಳಾಡಿಕೊಂಡು ಹೊರಗೆ ಬಂತು.

ಮರಕ್ಕೂ ಗೋಡೆಗೂ ನಡುವೆ ಒಂದು ಕಾಲುವೆ. ಅದರ ಮೇಲೆ ಸೇತುವೆಯಾಗಿ ಬಿದ್ದದ್ದು ಒಬ್ಬ ತಾತನ ಬಾಗಿಲು. ಊರಲ್ಲೇ ದೊಡ್ಡ ಬಾಗಿಲು ಅವನದು ಎಂದು ಪ್ರತೀತಿ. ಮುಂದಿನ ವರ್ಷ ಮುಂದಿನ ವರ್ಷ ಅನ್ನುತ್ತಲೇ ಅವನು ಎಪ್ಪತ್ತೆಂಟು ದಾಟಿದ. ಒಂದು ಬಾಗಿಲ ದಿನ ಕಾಲುವೆ ದಾಟುವಾಗ ಸೊಂಟ ಹಿಡಿದುಕೊಂಡು ಇಳಿಸಿದವನು ಮತ್ತೆ ಎತ್ತಲಿಲ್ಲ. ಅದರ ಮೇಲೇ ಕೂರುತ್ತಾನೆ, ಅದರ ಮೇಲೇ ಮಧ್ಯಾಹ್ನದ ನಿದ್ದೆ. ಜನ ಅವನನ್ನು ದಾಟಿಕೊಂಡು ಓಡಾಡುತ್ತಾರೆ.

"ಬೇಜಾರಿಲ್ವಾ ತಾತ?"

"ಯಾಕೆ ಬೇಜಾರು? ಗೋಡೆ ಹತ್ತಿರ ಹೋಗಿ ನೋಡು, ಯಾರ ಬಾಗಿಲಿಗೆ ಇಷ್ಟು ಜನ ಬರ್ತಾರೆ? ಬಂದವರು ಚೌಕಾಸಿ ಮಾಡಲ್ಲ, ಹಿಂದಿರುಗಿಸ್ತೀನಿ ಅನ್ನಲ್ಲ. ಕಾಲು ಒರೆಸ್ಕೊಂಡು ಬಾ ಅಂದ್ರೆ ಮಾತ್ರ ಯಾರೂ ಕೇಳಲ್ಲ, ಮುಂಡೇವು."

ಹೀಗೆ ಬೇಗ ನಿಲ್ಲಿಸಿದವನೂ ಖುಷಿ, ನಿಲ್ಲಿಸದೇ ಹೋದವನೂ ಖುಷಿ. ನಡುವೆ ಸಿಕ್ಕಿಕೊಂಡವಳು ಒಬ್ಬಳಿದ್ದಳು. ಊರವರು ಅವಳನ್ನು ಹಗ್ಗದವಳು ಅನ್ನುತ್ತಿದ್ದರು, ನಾನು ಅಕ್ಕ ಅನ್ನುತ್ತಿದ್ದೆ. ಅವಳ ಜಗಲಿಯ ಮೂಲೆಯಲ್ಲೇ ನನ್ನ ಚಾಪೆ.

ಅವಳಿಗೆ ನಲವತ್ತಾರು. ಬೇರೆಯವರ ಕೋಣೆಯಲ್ಲಿ ಕೂತು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದಳು. ಚಿಕ್ಕ ವಯಸ್ಸಿಗೇ ಬಾಗಿಲು ನಿಲ್ಲಿಸಿದವರದು ಆ ಕೋಣೆ, ಎಂಟೇ ಮೊಳ. ಕೋಣೆ ಎಷ್ಟುದ್ದವೋ ಹಗ್ಗವೂ ಅಷ್ಟೇ ಉದ್ದ. ಬಾವಿಗೆ ಇಳಿಬಿಡಬೇಕಾದರೆ ನಾಲ್ಕು ಹಗ್ಗ ಕೂಡಿಸಿ ಗಂಟು ಹಾಕಬೇಕು. ಗಂಟಿದ್ದ ಕಡೆಯೇ ಹಗ್ಗ ಸವೆದು ಕಡಿಯುತ್ತದೆ. ಕೊಡ ಬಾವಿಗೆ ಬಿದ್ದಾಗಲೆಲ್ಲ ಹೆಂಗಸರು ಬೈಯುತ್ತಿದ್ದದ್ದು ಹಗ್ಗದವಳಿಗೇ.

"ಒಂದೇ ಒಂದು ಹಗ್ಗ ಹೊಸೀಬೇಕು ಕಣೋ," ಎಂದು ಅವಳು ಊಟಕ್ಕೆ ಕೂತಾಗಲೆಲ್ಲ ಹೇಳುವಳು. "ಈ ತುದಿಯಿಂದ ಆ ತುದಿವರೆಗೆ, ನಡುವೆ ಒಂದೂ ಗಂಟಿಲ್ದೆ. ಅಂಥದ್ದೊಂದು ಹೊಸೆದು ಸತ್ರೂ ಸೈ."

"ಹೊಸೆದು ಯಾಕೆ ಸಾಯ್ತೀಯ ಅಕ್ಕ, ಮಾರು."

"ತಿನ್ನು, ಮಾತಾಡಬೇಡ."

ಅದಕ್ಕೆ ಉದ್ದದ ಕೋಣೆ ಬೇಕು. ಉದ್ದದ ಕೋಣೆಗೆ ದೊಡ್ಡ ಬಾಗಿಲು ಬೇಕು ಎಂದು ಅವಳ ಲೆಕ್ಕ. ಹಾಗಾಗಿ ಕಾದಳು. ಊರಿನಲ್ಲಿ ಬಾಗಿಲನ್ನು ಅಳೆಯುವ ಪದ್ಧತಿ ಒಂದಿದೆ. ವರ್ಷಕ್ಕೊಮ್ಮೆ, ಬಾಗಿಲ ದಿನಕ್ಕೆ ವಾರ ಮುಂಚೆ, ಬಾಗಿಲನ್ನು ಒರಗಿಸಿ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ನೆತ್ತಿ ಎಲ್ಲಿಗೆ ಬಂತೋ ಅಲ್ಲಿ ಸೌದೆಕತ್ತಿಯಿಂದ ಒಂದು ಗೆರೆ. ಈ ವರ್ಷದ ಗೆರೆ ಹೋದ ವರ್ಷದ ಗೆರೆಗಿಂತ ಕೆಳಗೆ ಬಿದ್ದರೆ ಬಾಗಿಲು ನಮ್ಮನ್ನು ಮೀರಿ ಬೆಳೆದಿದೆ ಎಂದು ಅರ್ಥ. ಅಕ್ಕನ ಬಾಗಿಲ ಮೇಲೆ ಮೂವತ್ತೈದನೇ ವಯಸ್ಸಿನಿಂದ ಗೆರೆಗಳು ಇಳಿಯುತ್ತಲೇ ಬಂದಿದ್ದವು, ಏಣಿಯ ಮೆಟ್ಟಿಲ ಹಾಗೆ.

"ನೋಡು, ಮತ್ತೆ ಬೆಳೆದಿದೆ," ಎಂದಳು ಆ ವರ್ಷ ಗೆರೆ ಹಾಕಿ. ಹಿಗ್ಗಿನಿಂದ ಹೇಳಲು ಹೋದಳು, ಮುಖ ಬಾಡಿತು. ಹೋದ ವರ್ಷ ಅವಳು ಕಾಲುವೆಯ ಹತ್ತಿರ ಇಳಿಸಿಬಿಟ್ಟಿದ್ದಳು. ನಾನು ಗುಂಡು ಹಿಡಿದು ಗೋಡೆಯ ಹತ್ತಿರ ಕಾದು ಕಾದು ಬರಿಗೈಯಲ್ಲಿ ಮರಳಿದ್ದೆ. "ಹೋದ ವರ್ಷದ್ದನ್ನೇ ಹೊರೋಕಾಗಲಿಲ್ಲ. ಈ ವರ್ಷದ್ದು ಇನ್ನೂ ದೊಡ್ಡದು. ಈ ಸಲ ಆಗಲಿಲ್ಲ ಅಂದ್ರೆ ಇನ್ನು ಯಾವತ್ತೂ ಆಗಲ್ಲ. ತಾತನ ಪಕ್ಕದಲ್ಲಿ ನಂದೂ ಒಂದು ಸೇತುವೆ."

"ಎರಡು ಸೇತುವೆ ಆದ್ರೆ ಹೋಗೋರಿಗೊಂದು ಬರೋರಿಗೊಂದು," ಎಂದೆ. ಅವಳು ನಗಲಿಲ್ಲ.

ದಿನಾ ಮಧ್ಯಾಹ್ನ ಅವಳು ಅಭ್ಯಾಸ ಮಾಡುತ್ತಿದ್ದಳು. ಬಾಗಿಲು ಹೊತ್ತು ಹಿತ್ತಿಲ ಸುತ್ತ ನಡೆಯುವಳು, ಇಳಿಸುವಳು, ಉಸಿರು ತೆಗೆದುಕೊಂಡು ಮತ್ತೆ ಹೊರುವಳು. ಬಾಗಿಲ ದಿನಕ್ಕೆ ಇನ್ನು ಎರಡೇ ದಿನ ಇದ್ದಾಗ ಒಂದು ಮಧ್ಯಾಹ್ನ ಸುಸ್ತಾಗಿ, ಬಾಗಿಲನ್ನು ಅಂಗಳದಲ್ಲಿ ಅಂಗಾತ ಕೆಡವಿ, ಅದರ ಮೇಲೇ ಮಲಗಿಬಿಟ್ಟಳು. ಕಾಲು ಬಾಗಿಲ ಬುಡಕ್ಕೆ, ತಲೆ ಮೇಲಕ್ಕೆ. ಹಪ್ಪಳ ಒಣಹಾಕಿದ ಹಾಗೆ.

ನಾನು ನೀರು ತಂದೆ. ಚೆಂಬು ಕೊಡಲು ಬಗ್ಗಿದವನು ಹಾಗೇ ನಿಂತೆ.

"ಅಕ್ಕಾ, ಅಲ್ಲಾಡಬೇಡ."

"ಚೇಳಾ?"

"ಚೇಳಲ್ಲ. ಹಿಮ್ಮಡಿ ಸರಿಯಾಗಿ ಬುಡಕ್ಕೆ ತಾಗಿಸು. ಕಾಲು ನೀಡು. ಬೆನ್ನು ಹಲಗೆಗೆ ಒತ್ತು."

"ಏನೋ ನಿನ್ನ ಕಿತಾಪತಿ?" ಎನ್ನುತ್ತಲೇ ಹೇಳಿದ ಹಾಗೆ ಮಾಡಿದಳು. ನಾನು ಅವಳ ನೆತ್ತಿಯ ಹತ್ತಿರ ಬೆರಳಿಟ್ಟು, ಅಲ್ಲಿಂದ ಕೆಳಗಿನ ಗೆರೆಗಳನ್ನು ಎಣಿಸಿದೆ. ನನಗೆ ಹತ್ತರಾಚೆಗೆ ಎಣಿಸುವಾಗ ಧೈರ್ಯ ಸಾಲದು, ಎರಡು ಸಲ ಎಣಿಸಿದೆ. ಅವಳ ನೆತ್ತಿ ಮೇಲಿನ ಮೊದಲ ಗೆರೆಗೆ ತಾಗಿತ್ತು. ಕೆಳಗೆ ಹನ್ನೊಂದು ಗೆರೆ.

"ಇದು ಮೂವತ್ತೈದರ ಗೆರೆ," ಎಂದೆ.

"ಯಾವುದು?"

"ಈಗ ನಿನ್ನ ತಲೆ ಇರೋದು. ಬಾಗಿಲು ಬೆಳೆದೇ ಇಲ್ಲ ಅಕ್ಕ. ಹನ್ನೊಂದು ವರ್ಷದಿಂದ ಇಷ್ಟೇ ಇದೆ. ನೀನು ಬಗ್ಗಿದೀಯ. ವರ್ಷ ವರ್ಷ ಹೊತ್ತು ಹೊತ್ತು ಇಷ್ಟಿಷ್ಟೇ ಬಗ್ಗಿದೀಯ. ಗೆರೆ ಇಳಿದದ್ದು ಅದಕ್ಕೆ."

ಅವಳು ಆಕಾಶ ನೋಡುತ್ತಾ ಮಲಗೇ ಇದ್ದಳು. ಮೋಡವೊಂದು ಹಿತ್ತಿಲಿನ ಈ ಬೇಲಿಯಿಂದ ಆ ಬೇಲಿಗೆ ಹೋಯಿತು. ಅಳುತ್ತಾಳೇನೋ ಅಂದುಕೊಂಡೆ. ಅವಳ ಹೊಟ್ಟೆ ಅಲುಗತೊಡಗಿತು, ಆಮೇಲೆ ಭುಜ, ಆಮೇಲೆ ಬಾಗಿಲಿಗೆ ಬಾಗಿಲೇ ಅಲುಗಿತು. ನಗುತ್ತಿದ್ದಳು. ಎದ್ದು ಕೂತವಳು ಕೈಗೆ ಸಿಕ್ಕ ನಾರಿನ ಕಟ್ಟು ತೆಗೆದು ನನಗೆ ಎಸೆದಳು.

"ಒಂದು ವರ್ಷದಿಂದ ನನ್ನ ಜಗಲೀಲಿ ತಿಂದು ಬಿದ್ದಿದೀಯಲ್ಲೋ, ಇದನ್ನ ಹೋದ ವರ್ಷ ಹೇಳೋಕೆ ಏನಾಗಿತ್ತು ನಿನಗೆ?"

"ಹೋದ ವರ್ಷ ನೀನು ಮಲಗಲಿಲ್ಲ."

"ಹಾಗಾದ್ರೆ ನಾಡಿದ್ದು ಹೊರಬೇಕಾದ್ದು..."

"ಮೂವತ್ತೈದರಲ್ಲಿ ಹೊತ್ತಿದ್ದೇ."

"ಹೊರೋಳು ಮಾತ್ರ ನಲವತ್ತಾರು."

"ಅದು ಹೌದು," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಬಾಗಿಲ ದಿನ ಬಿಸಿಲು ಗೋಡೆಯನ್ನು ಮುಟ್ಟಿತು. ಆ ವರ್ಷ ಹೊರುವವಳು ಅವಳೊಬ್ಬಳೇ. ಊರು ಎರಡೂ ಬದಿಗೆ ನಿಂತಿತ್ತು, ಇನ್ನೂ ನಿಲ್ಲಿಸದವರು ಬೆನ್ನ ಮೇಲೆ ಬಾಗಿಲು ಹೊತ್ತೇ. ಅವಳು ಮರದ ಬುಡದಿಂದ ಹೊರಟಳು. ಹೆಜ್ಜೆ ಇಟ್ಟಳು, ನಿಂತಳು. ಹೆಜ್ಜೆ ಇಟ್ಟಳು, ನಿಂತಳು. ನಾನು ಗೋಡೆಯ ಹತ್ತಿರವೇ ಇರಬೇಕು ಎಂಬುದು ಕಟ್ಟಳೆ, ಆದರೆ ಕಾಲುವೆ ಅಲ್ಲಿಗೆ ಕಾಣುತ್ತದೆ, ಮಾತೂ ಕೇಳುತ್ತದೆ.

ಕಾಲುವೆಗೆ ಬಂದಾಗ ಅವಳು ನಿಂತುಬಿಟ್ಟಳು. ಹೋದ ವರ್ಷ ಇಳಿಸಿದ್ದು ಅದೇ ಜಾಗ. ಸೇತುವೆಯ ಮೇಲೆ ತಾತ ಕೂತಿದ್ದ.

"ಏನಮ್ಮಾ, ಇಳಿಸ್ತೀಯಾ?"

"ಇಲ್ಲ ತಾತ. ಉಸಿರು ತಗೋತಿದೀನಿ."

"ತಗೋ ತಗೋ. ಉಸಿರಿಗೆ ಯಾರಪ್ಪನ ಅಪ್ಪಣೆ?" ಅವನು ಪಕ್ಕಕ್ಕೆ ಸರಿದ. ಅಷ್ಟು ವರ್ಷದಲ್ಲಿ ಅವನು ಯಾರಿಗೂ ಸರಿದು ದಾರಿ ಬಿಟ್ಟದ್ದಿಲ್ಲವಂತೆ. "ಕಾಲು ಒರೆಸ್ಕೊಂಡು ಬಾ," ಎಂದ.

ಅಷ್ಟು ಭಾರ ಹೊತ್ತವಳು, ನಂಬುತ್ತೀರೋ ಇಲ್ಲವೋ, ಎಡಗಾಲನ್ನು ಹುಲ್ಲಿಗೆ ಒರೆಸಿದಳು. ಬಲಗಾಲನ್ನು ಒರೆಸಿದಳು. ಆಮೇಲೆ ದಾಟಿದಳು.

ಬಾಗಿಲು ಗೋಡೆಗೆ ತಾಗಿದಾಗ ಸದ್ದೇ ಆಗಲಿಲ್ಲ. ನಾನು ಗುಂಡು ಇಳಿಬಿಟ್ಟೆ. ದಾರ ತೂಗಿತು, ನಿಧಾನವಾಯಿತು, ನಿಂತಿತು. ನೆಟ್ಟಗಿದೆ ಎಂದೆ. ಅಜ್ಜಿ ಕೋಲೂರಿಕೊಂಡು ಮುಂದೆ ಬಂದಳು.

"ಈಗಲೇ ಯಾಕೆ?"

ಅಕ್ಕ ಈ ಪ್ರಶ್ನೆಗೆ ಇಪ್ಪತ್ತು ವರ್ಷದಿಂದ ಉತ್ತರ ಕಟ್ಟಿಕೊಂಡಿದ್ದಳು. ಗಂಟಿಲ್ಲದ ಹಗ್ಗ, ಬಾವಿ, ಊರಿನ ಹೆಂಗಸರು, ಎಲ್ಲಾ ಬರುವ ಒಂದು ಉದ್ದದ ಉತ್ತರ. ನನಗೆ ಅದು ಬಾಯಿಪಾಠ ಆಗಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

"ಮಲಗಿ ನೋಡಿದೆ ಅಜ್ಜಿ."

ಊರಿಗೆ ಅರ್ಥವಾಗಲಿಲ್ಲ. ಅಜ್ಜಿಗೂ ಆಗಲಿಲ್ಲವೇನೋ. ಅವಳು ತಲೆಯಾಡಿಸಿ ಕೆತ್ತುವವನಿಗೆ ಹೇಳಿದಳು. ಈಗಲೂ ಹೋದರೆ ಕಾಣುತ್ತದೆ, ಅಡ್ಡಪಟ್ಟಿಯಲ್ಲಿ ಅಷ್ಟೇ ಇದೆ: ಮಲಗಿ ನೋಡಿದೆ.

ಗೋಡೆ ಜಾಗ ಬಿಟ್ಟಿತು. ಅಕ್ಕ ಬಾಗಿಲು ತಳ್ಳಿದಳು. ಕೋಣೆಯ ಅಗಲ ಬಾಗಿಲಿನಷ್ಟೇ, ಎತ್ತರವೂ ಬಾಗಿಲಿನಷ್ಟೇ. ಉದ್ದ ಮಾತ್ರ ಕಣ್ಣಿಗೆ ಸಿಗಲಿಲ್ಲ. ನಾನು ಒಳಗೆ ಹೆಜ್ಜೆ ಹಾಕಿದೆ. ಇಪ್ಪತ್ತು, ನಲವತ್ತು, ನೂರು. ಹಿಂದಿರುಗಿ ನೋಡಿದರೆ ಬಾಗಿಲು ಅಂಗೈಯಷ್ಟು ಕಾಣುತ್ತಿತ್ತು. ಇನ್ನೂ ಮುಂದೆ ಇತ್ತು. ಆಮೇಲೆ ತಿಳಿಯಿತು, ಬಾಗಿಲು ಬೆಳೆಯುವುದು ನಿಂತರೂ, ಹೊತ್ತಷ್ಟು ದಿನವೂ ಕೋಣೆ ಒಳಗೊಳಗೇ ಉದ್ದವಾಗುತ್ತಿರುತ್ತದೆ. ಅದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಕಾದು ನಿಲ್ಲಿಸಿದವರಲ್ಲಿ ಉದ್ದ ಬೇಕಾದ ಕಸುಬು ಅಲ್ಲಿವರೆಗೆ ಯಾರದೂ ಇರಲಿಲ್ಲ. ಉಳಿದವರು ಕೋಣೆಯ ಹಿಂಭಾಗಕ್ಕೆ ಹಳೇ ಚೀಲ ಒಟ್ಟಿ ಮರೆತಿದ್ದರು.

"ಬೆನ್ನಿಂದ ಹೋದದ್ದು ಇಲ್ಲಿಗೆ ಬಂದಿತ್ತೇನೋ," ಎಂದಳು ಅಕ್ಕ, ಕತ್ತಲೆಯ ಆ ತುದಿಯನ್ನು ನೋಡುತ್ತಾ. ಆಮೇಲೆ ಸೆರಗು ಸಿಕ್ಕಿಸಿ, "ನೋಡಿದ್ದು ಸಾಕು, ರಾಟೆ ಹಿಡ್ಕೊಂಡು ಬಾ," ಎಂದಳು.

ಹಗ್ಗ ಹೊಸೆಯಲು ಇಬ್ಬರು ಬೇಕು. ಒಬ್ಬರು ಬಾಗಿಲ ಹತ್ತಿರ ಕೂತು ರಾಟೆ ತಿರುಗಿಸಬೇಕು, ಇನ್ನೊಬ್ಬರು ನಾರು ಬಿಡುತ್ತಾ ಬಿಡುತ್ತಾ ಹಿಂದೆ ಹಿಂದೆ ನಡೆಯಬೇಕು. ಅಷ್ಟು ಊರು ನಡೆದವನು ನಾನು, ಹಿಮ್ಮುಖವಾಗಿ ನಡೆದದ್ದು ಅದೇ ಮೊದಲು. ಮೊದಲ ದಿನ ಮೂರು ಸಲ ಬಿದ್ದೆ.

"ಎದ್ದೇಳೋ, ನೀನು ಬಿದ್ರೆ ಹುರಿ ಬಿಚ್ಚುತ್ತೆ!"

"ನಾನು ಬಿಚ್ಚಿಹೋದ್ರೆ ಪರವಾಗಿಲ್ವಾ?"

"ನಿನ್ನ ಆಮೇಲೆ ಹೊಸೆಯೋಣ, ಏಳು."

ತಿಂಗಳಾದ ಮೇಲೆ ಒಂದು ಹಗ್ಗ ಆ ತುದಿ ಮುಟ್ಟಿತು. ಎರಡು ಕೈಯಲ್ಲೂ ಅದನ್ನು ಸವರುತ್ತಾ ಅಕ್ಕ ಒಳಗಿನಿಂದ ಬಾಗಿಲವರೆಗೆ ನಡೆದು ಬಂದಳು. ಕೈ ಎಲ್ಲೂ ತಡೆಯಲಿಲ್ಲ. ಬಾವಿಗೆ ಬಿಟ್ಟರು, ಕೊಡ ಇಳಿಯಿತು, ತುಂಬಿತು, ಮೇಲೆ ಬಂತು. ಹೆಂಗಸರು ಏನೂ ಹೇಳದೆ ನೀರು ಹೊತ್ತು ಹೋದರು. ಅವರು ಬೈಯದೆ ಇದ್ದದ್ದನ್ನು ಅಕ್ಕ ಸಂಜೆಯವರೆಗೆ ಮೂರು ಸಲ ಹೇಳಿಕೊಂಡಳು.

ಅಡ್ಡಪಟ್ಟಿಯ ಮಾತಿನ ಅರ್ಥ ಅಕ್ಕ ಬಿಡಿಸಿ ಹೇಳಿದ ಮೇಲೆ ಊರಿನಲ್ಲಿ ಮಲಗಿ ನೋಡುವ ಖಯಾಲಿ ಶುರುವಾಯಿತು. ಅಂಗಳ ಅಂಗಳದಲ್ಲಿ ಜನ ತಮ್ಮ ಬಾಗಿಲ ಮೇಲೆ ಅಂಗಾತ. ಕೆಲವರು ಎದ್ದು ಸುಮ್ಮನೆ ಮರದ ಕಡೆ ನೋಡಿದರು. ಕೆಲವರು ಎದ್ದು ಮೈ ಕೊಡವಿ, ನಮ್ಮದು ನಿಜವಾಗಿಯೂ ಬೆಳೆದಿದೆ, ನೆಲವೇ ಸಮ ಇಲ್ಲ, ಎಂದರು. ತಾತ ಮಾತ್ರ, "ನಾನು ದಿನಾ ಮಲಗ್ತೀನಿ, ನನಗೆ ಕಾಣೋದು ಆಕಾಶ ಅಷ್ಟೇ," ಎಂದ.

ಅಕ್ಕನ ಕೋಣೆಗೆ ಇಬ್ಬರು ಹೆಂಗಸರು ಕೆಲಸ ಕೇಳಿ ಬಂದರು. ಒಬ್ಬಳು ನಾರು ಬಾಚಿದಳು. ಇನ್ನೊಬ್ಬಳು ಹಿಮ್ಮುಖ ನಡೆಯುವುದನ್ನು ಎರಡೇ ದಿನಕ್ಕೆ ಕಲಿತಳು, ಒಂದು ಸಲವೂ ಬೀಳದೆ. ಆಗಲೇ ನನ್ನ ಕಾಲು ತುರಿಸತೊಡಗಿತ್ತು. ಅಷ್ಟರಲ್ಲಿ ಕೇಳುವ ಅಜ್ಜಿ ಜಗಲಿಗೆ ಬಂದು ಮಡಿಲಿಂದ ಅಂಗೈಯಗಲದ ಹಲಗೆಯೊಂದನ್ನು ತೆಗೆದಳು.

"ಎರಡು ಬಾಗಿಲ ದಿನ ಕಂಡವನು ಊರಿನವನೇ. ನಿನಗೂ ಒಂದು ಕೆತ್ತಿಸಿದೀನಿ. ತಗೊಂಡ್ರೆ ಬೆಳೆಯೋಕೆ ಶುರು."

ಹಸಿ ಮರದ ಒಳ್ಳೆಯ ವಾಸನೆ ಇತ್ತು. ಅಂಗೈಯಲ್ಲಿಟ್ಟು ನೋಡಿದೆ, ಹಗುರ. ಎಲ್ಲರದೂ ಮೊದಲು ಹೀಗೇ ಇತ್ತು ಅನ್ನಿಸಿತು. ವಾಪಸು ಕೊಟ್ಟೆ.

"ಹುಟ್ಟೋ ಮಗುವಿಗೆ ಇಡು ಅಜ್ಜಿ. ನಾನು ಹೊದೆಯೋ ಕಂಬಳಿಗಿಂತ ಹೆಚ್ಚು ಹೊತ್ತವನಲ್ಲ."

"ಹೂಂ," ಎಂದಳು. ಅವಳು ಸರಿ ತಪ್ಪು ಹೇಳುವವಳಲ್ಲ.

ಮಾರನೆಯ ಬೆಳಗ್ಗೆ ಗುಂಡುದಾರವನ್ನು ಊರಿಗೆ ಒಪ್ಪಿಸಿ ಬಂದು ಚಾಪೆ ಸುತ್ತಿಟ್ಟೆ. ತಟ್ಟೆ ತೊಳೆದು ಕಂಬಳಿಯೊಳಗೆ ಸೇರಿಸಿ ಗಂಟು ಕಟ್ಟಿದೆ. ಅಕ್ಕನ ಬಾಗಿಲ ಹತ್ತಿರ ಹೋಗಿ ನಿಂತೆ. ಅವಳು ರಾಟೆ ತಿರುಗಿಸುತ್ತಿದ್ದಳು. ಕತ್ತಲ ಒಳಗೆಲ್ಲೋ ಆ ಹೆಂಗಸಿನ ಹೆಜ್ಜೆ ಹಿಂದೆ ಹಿಂದೆ ಹೋಗುತ್ತಿತ್ತು.

"ಅಕ್ಕಾ, ಹೊರಟೆ."

"ಈಗ ಕೈ ಬಿಡೋಕಾಗಲ್ಲ ಕಣೋ, ಹುರಿ ನಡುವೆ ಇದೀನಿ."

"ಬಿಡಬೇಡ."

"ನಿನ್ನ ಅಂಗಿ ಬೇಲಿ ಮೇಲಿದೆ. ರಾತ್ರಿ ಒಗೆದದ್ದು, ಇನ್ನೂ ಒಣಗಿಲ್ಲ. ಸಂಜೆ ತನಕ ಇದ್ದು ಹೋಗು."

"ದಾರೀಲಿ ಒಣಗುತ್ತೆ ಅಕ್ಕ," ಎಂದೆ. ಬೇಲಿಯಿಂದ ಅಂಗಿ ತೆಗೆದು, ಹಿಂಡಿ, ಒದ್ದೆಯದನ್ನೇ ಮಡಚಿ ಗಂಟಿನ ಮೇಲಿಟ್ಟುಕೊಂಡೆ.